ಇಂಜಿನ್ ಸ್ವಾಪ್ ಆದ ಮೇಲೆ ಆಟೋಮ್ಯಾಟಿಕ್ ಗೇರ್ ಕಾಟ ಕೊಡುತ್ತಿದೆಯೇ? ಬಾಕ್ಸ್ ಬಿಚ್ಚುವ ಮುಂಚೆ ಇಷ್ಟು ನೋಡಿ

ಹಳೆಯ ಗಾಡಿಗೆ ಬೇರೆ ಇಂಜಿನ್ ಕೂರಿಸಿದ್ದೀರಿ. ಸ್ಟಾರ್ಟ್ ಆಯಿತು, ಐಡ್ಲಿಂಗ್ ಸರಿಯಾಗಿದೆ, ಸದ್ದೂ ಚೆನ್ನಾಗಿದೆ. ರಸ್ತೆಗೆ ಇಳಿಸಿದರೆ ಗೇರ್ ಮಾತ್ರ ಮಾತು ಕೇಳುತ್ತಿಲ್ಲ. ಎರಡನೇ ಗೇರ್ ಬೀಳುವಾಗ ಸೀಟು ಅಲುಗುವಷ್ಟು ಜರ್ಕ್. ಇಲ್ಲವೇ ಇಂಜಿನ್ ಕೂಗಿಕೊಂಡರೂ ಗೇರ್ ಬದಲಾಗುವುದೇ ಇಲ್ಲ. ಇಲ್ಲವೇ ನಿಂತಲ್ಲಿಂದ ಹೊರಡುವಾಗ ಗಾಡಿಗೆ ಜೀವವೇ ಇಲ್ಲ.

ಇಂಥ ಹೊತ್ತಲ್ಲಿ ಸುತ್ತ ನಿಂತವರ ಬಾಯಲ್ಲಿ ಬರುವ ಮೊದಲ ಮಾತು, "ಗೇರ್‌ಬಾಕ್ಸ್ ಹೋಯ್ತು". ಹೆಚ್ಚಿನ ಸಲ ಅದು ಹೋಗಿರುವುದಿಲ್ಲ. ನಿನ್ನೆಯವರೆಗೆ ಓಡುತ್ತಿದ್ದ ಬಾಕ್ಸ್ ಇಂಜಿನ್ ಬದಲಾದ ದಿನವೇ ಕೆಟ್ಟಿತು ಎಂದರೆ, ಅನುಮಾನ ಪಡಬೇಕಾದ್ದು ಆ ದಿನ ನಾವು ಕೈ ಹಾಕಿದ ಜಾಗಗಳ ಮೇಲೆ. ಇಂಜಿನ್ ಮೇಲೆ ಎಷ್ಟು ಲೋಡ್ ಇದೆ, ಗಾಡಿ ಎಷ್ಟು ವೇಗದಲ್ಲಿದೆ, ಲಿವರ್ ಎಲ್ಲಿದೆ, ಈ ಮೂರು ಸುದ್ದಿ ಸರಿಯಾಗಿ ತಲುಪಿದರೆ ಮಾತ್ರ ಆಟೋಮ್ಯಾಟಿಕ್ ಬಾಕ್ಸ್ ಸರಿಯಾಗಿ ಗೇರ್ ಹಾಕುತ್ತದೆ. ಇಂಜಿನ್ ಬದಲಿಸುವಾಗ ಈ ಮೂರೂ ದಾರಿಗಳನ್ನು ನಾವೇ ಕಡಿದು ಮತ್ತೆ ಜೋಡಿಸಿರುತ್ತೇವೆ.

ಉದಾಹರಣೆಗೆ ಅಮೆರಿಕದಲ್ಲಿ ತುಂಬಾ ನಡೆಯುವ ಸ್ವಾಪ್ ಒಂದನ್ನು ತೆಗೆದುಕೊಳ್ಳುತ್ತೇನೆ: ಹಳೆಯ ಷೆವ್ರೊಲೆ ಪಿಕಪ್‌ಗೆ ಜನರಲ್ ಮೋಟರ್ಸ್‌ನ ಎಲ್‌ಎಸ್ ಕುಟುಂಬದ ಇಂಜಿನ್, ಹಿಂದೆ 4ಎಲ್60-ಇ ಗೇರ್‌ಬಾಕ್ಸ್. ಇದರ ಅಣ್ಣ 700ಆರ್4. ಅದು ಬಂದದ್ದು 1982ರಲ್ಲಿ, ಪೂರ್ತಿ ಆಯಿಲ್ ಒತ್ತಡದಿಂದಲೇ ನಡೆಯುತ್ತದೆ. 1993ರಲ್ಲಿ ಅದಕ್ಕೇ ಎಲೆಕ್ಟ್ರಾನಿಕ್ ಹಿಡಿತ ಕೊಟ್ಟು 4ಎಲ್60-ಇ ಮಾಡಿದರು. ಎರಡರ ಗೇರ್ ರೇಶಿಯೋ ಒಂದೇ: 3.06, 1.63, 1.00, 0.70.

ಭಾರತದಿಂದ ಓದುತ್ತಿರುವವರಿಗೆ ಒಂದು ಮಾತು. 2014ರಲ್ಲಿ ಮಾರುತಿ ಸೆಲೆರಿಯೊ ಜೊತೆ ಬಂದ ಎಎಂಟಿ ಥರದ್ದು ಇದಲ್ಲ. ಎಎಂಟಿ ಅಂದರೆ ಮಾಮೂಲಿ ಮ್ಯಾನ್ಯುವಲ್ ಬಾಕ್ಸೇ, ಕ್ಲಚ್ ಒತ್ತುವುದು, ಗೇರ್ ಬದಲಿಸುವುದು ಎರಡನ್ನೂ ನಮ್ಮ ಬದಲು ಯಂತ್ರವೇ ಮಾಡುತ್ತದೆ ಅಷ್ಟೇ. ಇಲ್ಲಿ ಹೇಳುವುದೆಲ್ಲ ಟಾರ್ಕ್ ಕನ್ವರ್ಟರ್ (ಇಂಜಿನ್ ಶಕ್ತಿಯನ್ನು ಆಯಿಲ್ ಮೂಲಕ ಬಾಕ್ಸ್‌ಗೆ ದಾಟಿಸುವ ಭಾಗ) ಇರುವ ಬಾಕ್ಸ್‌ಗೆ.

ಸ್ಟಾರ್ಟ್ ಮಾಡುವ ಮುಂಚೆ: ಕನ್ವರ್ಟರ್

ಇನ್ನೂ ಕೀ ತಿರುಗಿಸಿಲ್ಲ ಎನ್ನುವವರು ಇದನ್ನು ಎರಡು ಸಲ ಓದಿ. ಮುಂದೆ ಬರುವ ತಪ್ಪುಗಳನ್ನು ಬಹುತೇಕ ತಿದ್ದಬಹುದು. ಇಲ್ಲಿ ತಪ್ಪಿದರೆ ಬಾಕ್ಸ್ ಒಳಗಿನ ಆಯಿಲ್ ಪಂಪೇ ಮುರಿಯುತ್ತದೆ.

ಕನ್ವರ್ಟರ್ ಒಳಗೆ ಹೋಗುವಾಗ ಮೂರು ಕಡೆ ಕಚ್ಚಬೇಕು: ಇನ್‌ಪುಟ್ ಶಾಫ್ಟ್‌ನ ಹಲ್ಲು, ಸ್ಟೇಟರ್‌ನ ಹಲ್ಲು, ಕೊನೆಗೆ ಪಂಪ್. ಎರಡೂ ಕೈಯಲ್ಲಿ ಹಿಡಿದು ತಿರುಗಿಸುತ್ತಾ ಒಳಗೆ ಒತ್ತಿದರೆ ಅದು ಒಂದೇ ಸಲಕ್ಕೆ ಹೋಗುವುದಿಲ್ಲ. ಸ್ವಲ್ಪ ಹೋಗಿ ನಿಲ್ಲುತ್ತದೆ, ತಿರುಗಿಸಿದರೆ ಟಕ್ ಎಂದು ಇನ್ನಷ್ಟು ಇಳಿಯುತ್ತದೆ, ಮತ್ತೆ ನಿಲ್ಲುತ್ತದೆ. ಕೊನೆಯ ಟಕ್ ಪಂಪ್‌ದು. ಬಹಳ ಜನ ಅದಕ್ಕೆ ಒಂದು ಹೆಜ್ಜೆ ಮುಂಚೆಯೇ "ಕೂತಿತು" ಎಂದುಕೊಂಡು ಬಾಕ್ಸನ್ನು ಇಂಜಿನ್‌ಗೆ ಹಿಡಿಯುವ ಬೆಲ್‌ಹೌಸಿಂಗ್ ಬೋಲ್ಟ್ ಬಿಗಿ ಮಾಡಿಬಿಡುತ್ತಾರೆ.

ಪರೀಕ್ಷೆ ಸುಲಭ. ಬಾಕ್ಸ್ ಇಂಜಿನ್‌ಗೆ ಪೂರ್ತಿ ಕೂತ ಮೇಲೆ, ಕನ್ವರ್ಟರ್ ಬೋಲ್ಟ್ ಹಾಕುವ ಮುಂಚೆ, ಅದನ್ನು ಕೈಯಲ್ಲಿ ತಿರುಗಿಸಿ ನೋಡಿ. ಸಲೀಸಾಗಿ ತಿರುಗಬೇಕು. ಆಮೇಲೆ ಮುಂದಕ್ಕೆ ಎಳೆಯಿರಿ. ಫ್ಲೆಕ್ಸ್‌ಪ್ಲೇಟ್ (ಇಂಜಿನ್ ಕ್ರ್ಯಾಂಕ್‌ಗೆ ಬಿಗಿದ ತೆಳು ತಟ್ಟೆ) ಮುಟ್ಟಲು ಸುಮಾರು 3ರಿಂದ 5 ಮಿ.ಮೀ. ಬರಬೇಕು. ಗ್ಯಾಪ್ ಇಲ್ಲವೇ ಇಲ್ಲ ಎಂದರೆ ಕನ್ವರ್ಟರ್ ಪಂಪ್‌ಗೆ ಕಚ್ಚಿಲ್ಲ. ಅಲ್ಲಿಗೇ ನಿಲ್ಲಿಸಿ, ಬಾಕ್ಸ್ ಹಿಂದಕ್ಕೆ ಎಳೆಯಿರಿ.

ಗ್ಯಾಪ್ ಜಾಸ್ತಿ ಇದ್ದರೂ ತೊಂದರೆಯೇ. ಷೆವ್ರೊಲೆಯ ಹಳೆಯ ಸ್ಮಾಲ್ ಬ್ಲಾಕ್ ವಿ8 ಇಂಜಿನ್‌ಗೆ ಹೋಲಿಸಿದರೆ ಬಹುತೇಕ ಎಲ್‌ಎಸ್ ಇಂಜಿನ್‌ಗಳ ಕ್ರ್ಯಾಂಕ್ ಹಿಂಭಾಗ ಸುಮಾರು 10 ಮಿ.ಮೀ. ಒಳಗಿದೆ. ಹಳೆಯ ಗಾಡಿಯ 700ಆರ್4 ಉಳಿಸಿಕೊಂಡು ಎಲ್‌ಎಸ್ ಹಾಕುವವರಿಗೆ ಆ 10 ಮಿ.ಮೀ. ತುಂಬಲು ಸ್ಪೇಸರ್, ಉದ್ದನೆಯ ಬೋಲ್ಟ್, ಹೊಂದುವ ಫ್ಲೆಕ್ಸ್‌ಪ್ಲೇಟ್ ಬೇಕು. ಸ್ಪೇಸರ್ ಬಿಟ್ಟು ಬೋಲ್ಟ್‌ನಿಂದಲೇ ಕನ್ವರ್ಟರ್ ಎಳೆದು ಕೂರಿಸಿದರೆ ಅದು ಪಂಪ್‌ಗೆ ತುದಿಯಲ್ಲಿ ಮಾತ್ರ ಕಚ್ಚಿರುತ್ತದೆ, ಮೂಗು ಕ್ರ್ಯಾಂಕ್‌ನ ನಡುವೆ ಕೂರುವುದೂ ಇಲ್ಲ. ಕೆಲವು ದಿನ ಓಡುತ್ತದೆ. ಆಮೇಲೆ ಮುಂದಿನ ಸೀಲ್ ಸೋರುತ್ತದೆ, ಪಂಪ್ ಕೂಗುತ್ತದೆ, ಒಂದು ದಿನ ಯಾವ ಗೇರ್‌ನಲ್ಲೂ ಗಾಡಿ ಕದಲುವುದಿಲ್ಲ.

ಆಯಿಲ್, ಲಿವರ್, ಕೂಲರ್ ಪೈಪ್

ಖರ್ಚಿಲ್ಲದ ಕೆಲಸ ಮೊದಲು. 4ಎಲ್60-ಇ ಆಯಿಲ್ ನೋಡಬೇಕಾದ್ದು ಬಾಕ್ಸ್ ಬಿಸಿಯಾದ ಮೇಲೆ, ಸಮತಟ್ಟಾದ ಜಾಗದಲ್ಲಿ, ಪಾರ್ಕ್‌ನಲ್ಲಿ, ಇಂಜಿನ್ ಓಡುತ್ತಿರುವಾಗ. ಅದಕ್ಕೂ ಮುಂಚೆ ಬ್ರೇಕ್ ಒತ್ತಿ ಲಿವರನ್ನು ಎಲ್ಲ ಸ್ಥಾನಗಳಿಗೂ ಒಮ್ಮೆ ನಿಧಾನವಾಗಿ ತಂದು ಬಿಡಿ. ಸ್ವಾಪ್ ಗಾಡಿಯಲ್ಲಿ ಇನ್ನೊಂದು ತರಲೆ ಇದೆ: ಡಿಪ್‌ಸ್ಟಿಕ್ ಒಂದು ಗಾಡಿಯದು, ಅದರ ಪೈಪ್ ಇನ್ನೊಂದರದು. ಕಡ್ಡಿ ಫುಲ್ ಎಂದು ತೋರಿಸುತ್ತದೆ, ಒಳಗೆ ಒಂದೂವರೆ ಲೀಟರ್ ಕಡಿಮೆ ಇರುತ್ತದೆ. ಕಡ್ಡಿಯ ಗುರುತು ನಂಬಬೇಕಾದರೆ ಕಡ್ಡಿ, ಪೈಪ್, ಪ್ಯಾನ್ ಮೂರೂ ಒಂದೇ ಜೊತೆಯವಾಗಿರಬೇಕು. ಆಯಿಲ್ ಕಡಿಮೆಯಾದರೆ ಡಿ ಹಾಕಿದ ಮೇಲೆ ತಡವಾಗಿ ಕಚ್ಚುತ್ತದೆ, ತಿರುವಿನಲ್ಲಿ ಒಮ್ಮೆಲೇ ಸ್ಲಿಪ್ ಆಗುತ್ತದೆ. ಜಾಸ್ತಿಯಾದರೆ ನೊರೆ ಬರುತ್ತದೆ, ಲಕ್ಷಣ ಹೆಚ್ಚು ಕಡಿಮೆ ಅದೇ.

ಲಿವರ್ ಕೇಬಲ್ ಅಥವಾ ರಾಡ್ ಬಗ್ಗೆ ಜನ ತುಂಬಾ ಉದಾಸೀನ ಮಾಡುತ್ತಾರೆ. ಹೊಸ ಮೌಂಟ್ ಮೇಲೆ ಇಂಜಿನ್, ಬಾಕ್ಸ್ ಸ್ವಲ್ಪ ಜರುಗಿದರೂ ಲಿವರ್ ಜೊತೆ ಸರಿದು ಆಯಿಲ್ ದಾರಿ ಬದಲಿಸುವ ಒಳಗಿನ ಮ್ಯಾನ್ಯುವಲ್ ವಾಲ್ವ್ ಡಿ ಮತ್ತು ಎನ್ ನಡುವೆ ನಿಂತುಬಿಡಬಹುದು. ಒಳಗೆ ಕೂತವರಿಗೆ ಸೂಜಿ ಡಿ ತೋರಿಸುತ್ತಿರುತ್ತದೆ, ಕ್ಲಚ್‌ಗೆ ಹೋಗಬೇಕಾದ ಒತ್ತಡ ಅರ್ಧ ಮಾತ್ರ. ಗಾಡಿ ಕೆಳಗೆ ಮಲಗಿ ಕೇಬಲ್ ಬಿಚ್ಚಿ, ಬಾಕ್ಸ್ ಮೇಲಿನ ಕೈಯನ್ನೇ ತಿರುಗಿಸಿ ನೋಡಿ. ಪ್ರತಿ ಸ್ಥಾನಕ್ಕೂ ಒಂದೊಂದು ಗಟ್ಟಿ ಕ್ಲಿಕ್ ಇದೆ. ಒಳಗಿನ ಲಿವರ್ ಆ ಕ್ಲಿಕ್‌ಗೆ ಸರಿಯಾಗಿ ಬರುವಂತೆ ಕೇಬಲ್ ಹೊಂದಿಸಿ.

ಕೂಲರ್ ಪೈಪ್‌ಗಳು ಹೊಸ ಎಕ್ಸಾಸ್ಟ್‌ಗೆ ದಾರಿ ಕೊಡಲು ಬಗ್ಗಿರುತ್ತವೆ. ಎಲ್ಲಾದರೂ ಮಡಚಿಕೊಂಡಿದ್ದರೆ ಆಯಿಲ್ ತಿರುಗುವುದಿಲ್ಲ. ಬಾಕ್ಸ್‌ಗೆ ಹಿಂದಿರುಗುವ ಪೈಪ್ ಬಿಚ್ಚಿ ಬಕೆಟ್ಟಿಗೆ ಬಿಟ್ಟು ಐಡಲ್‌ನಲ್ಲಿ ಓಡಿಸಿದರೆ 20 ಸೆಕೆಂಡಿಗೆ ಸುಮಾರು ಒಂದು ಲೀಟರ್ ಬರಬೇಕು. ಅಷ್ಟರಲ್ಲೇ ಇಂಜಿನ್ ಆಫ್ ಮಾಡಿ, ಹೋದಷ್ಟು ಆಯಿಲ್ ವಾಪಸ್ ಹಾಕಿ.

700ಆರ್4 ಇದ್ದರೆ: ಟಿವಿ ಕೇಬಲ್

ಟಿವಿ ಅಂದರೆ ಥ್ರಾಟಲ್ ವಾಲ್ವ್. ಇದನ್ನು ಸುಮ್ನೆ ಕಿಕ್‌ಡೌನ್ ಕೇಬಲ್ ಎಂದು ಕರೆದು ತಪ್ಪು ಮಾಡುವವರೇ ಜಾಸ್ತಿ. ಕಾಲು ಪೂರ್ತಿ ಒತ್ತಿದಾಗ ಗೇರ್ ಇಳಿಸುವುದು ಇದರ ಕೆಲಸದಲ್ಲಿ ಒಂದು ಪಾಲು ಮಾತ್ರ. ಒಳಗಿನ ಕ್ಲಚ್‌ಗಳನ್ನು ಒತ್ತಿ ಹಿಡಿಯುವ ಲೈನ್ ಪ್ರೆಶರ್ ಎಷ್ಟಿರಬೇಕು ಎಂದು ಹೇಳುವುದೂ ಇದೇ ಕೇಬಲ್. ಕೇಬಲ್ ಸಡಿಲವಾಗಿದ್ದರೆ ಇಂಜಿನ್ ಪೂರ್ತಿ ಶಕ್ತಿ ಕೊಡುತ್ತಿದ್ದರೂ ಬಾಕ್ಸ್ ಐಡಲ್ ಎಂದುಕೊಂಡು ಕಡಿಮೆ ಒತ್ತಡ ಕೊಡುತ್ತದೆ. ಗೇರ್‌ಗಳು ಬೇಗ ಬೇಗ, ಮೆತ್ತಗೆ ಬೀಳುತ್ತವೆ. ಓಡಿಸುವವರಿಗೆ ಅದು ಹಿತವಾಗಿ ಕಾಣುತ್ತದೆ. ಅದೇ ಅಪಾಯ. ಆ ಮೆತ್ತನೆಯ ಶಿಫ್ಟ್‌ನಲ್ಲಿ ಮೂರು, ನಾಲ್ಕನೇ ಗೇರ್ ಹಿಡಿಯುವ 3-4 ಕ್ಲಚ್ ಸುಟ್ಟು ಹೋಗುತ್ತಿರುತ್ತದೆ. ಹೊಸದಾಗಿ ರೀಬಿಲ್ಡ್ ಮಾಡಿದ ಬಾಕ್ಸ್ ಕೂಡ ಕೆಲವೇ ಮೈಲಿಯಲ್ಲಿ ಹಾಳಾಗಬಹುದು. ಬಿಗಿ ಜಾಸ್ತಿಯಾದರೆ ಗೇರ್ ತಡವಾಗಿ, ಗಟ್ಟಿಯಾಗಿ ಬೀಳುತ್ತದೆ. ಕಿರಿಕಿರಿಯಾಗುತ್ತದೆ, ಆದರೆ ಕ್ಲಚ್ ಉಳಿಯುತ್ತದೆ. ಅನುಮಾನ ಇದ್ದರೆ ಬಿಗಿ ಕಡೆಗೇ ಇರಲಿ.

ಹೊಂದಿಸುವುದು ಇಂಜಿನ್ ಆಫ್ ಮಾಡಿಕೊಂಡು. ಥ್ರಾಟಲ್ ಹತ್ತಿರ ಕೇಬಲ್ ಹೊದಿಕೆಯ ಮೇಲೆ ಡಿ ಆಕಾರದ ಒಂದು ಗುಂಡಿ ಇದೆ. ಅದನ್ನು ಒತ್ತಿ ಹಿಡಿದು ಸ್ಲೈಡರನ್ನು ಥ್ರಾಟಲ್‌ನಿಂದ ದೂರಕ್ಕೆ, ಹೊದಿಕೆ ಕಡೆಗೆ ಪೂರ್ತಿ ತಳ್ಳಿ, ಗುಂಡಿ ಬಿಡಿ. ಈಗ ಥ್ರಾಟಲ್ ಲಿವರನ್ನು ಕೈಯಲ್ಲೇ ಪೂರ್ತಿ ತೆರೆಯಿರಿ. ಸ್ಲೈಡರ್ ಕರಕರ ಎಂದು ತಾನೇ ಸರಿದು ತನ್ನ ಜಾಗ ಹುಡುಕಿಕೊಳ್ಳುತ್ತದೆ. ಆಮೇಲೆ ಒಳಗೆ ಇನ್ನೊಬ್ಬರನ್ನು ಕೂರಿಸಿ ಪೆಡಲ್ ಪೂರ್ತಿ ಒತ್ತಿಸಿ. ಕೈಯಲ್ಲಿ ತೆರೆದಷ್ಟೇ ಪೆಡಲ್‌ನಿಂದಲೂ ತೆರೆಯುತ್ತಿದೆಯೇ ನೋಡಿ. ಕಾರ್ಪೆಟ್ ಅಡ್ಡ ಬಂದು ಮುಕ್ಕಾಲಕ್ಕೇ ನಿಲ್ಲುವ ಗಾಡಿಗಳು ಎಷ್ಟೋ.

ಸ್ವಾಪ್‌ನಲ್ಲಿ ಇಷ್ಟು ಮಾಡಿದರೂ ಸಾಲದೆ ಹೋಗಬಹುದು. ಮೂಲ ಕಾರ್ಬ್ಯುರೇಟರ್ ಹೋಗಿ ಬೇರೆಯದು ಬಂದಾಗ ಕೇಬಲ್ ಕಚ್ಚುವ ಪಿನ್ ಥ್ರಾಟಲ್ ಶಾಫ್ಟ್‌ನ ನಡುವಿನಿಂದ ಇರುವ ದೂರ ಬದಲಾಗುತ್ತದೆ. ಐಡಲ್‌ಗೂ ಪೂರ್ತಿ ಒತ್ತಿದಾಗಕ್ಕೂ ಸರಿ ಇದ್ದು, ನಡುವೆ ಮಾತ್ರ ಕೇಬಲ್ ಹಿಂದೆ ಬೀಳುತ್ತದೆ. ದಿನಾ ಗಾಡಿ ಓಡುವುದು ಆ ನಡುವೆಯೇ ಅಲ್ವಾ? ಇದಕ್ಕಾಗಿಯೇ ಮಾಡಿದ ಬ್ರಾಕೆಟ್, ಲಿವರ್ ತುಂಡು ಸಿಗುತ್ತವೆ. ಎಲ್‌ಎಸ್‌ನ ಥ್ರಾಟಲ್ ಬಾಡಿಯಲ್ಲಂತೂ ಈ ಕೇಬಲ್‌ಗೆ ಜಾಗವೇ ಇಲ್ಲ, ಬ್ರಾಕೆಟ್ ಹಾಕಲೇಬೇಕು. ಹಾಕಿದ ಮೇಲೆ ಬಾಕ್ಸ್‌ನ ಎಡಗಡೆ ಇರುವ ಪ್ರೆಶರ್ ಪೋರ್ಟ್‌ಗೆ ಗೇಜ್ ಜೋಡಿಸಿ ನೋಡಿ. ಥ್ರಾಟಲ್ ಅಲುಗಿದ ಕ್ಷಣವೇ ಮುಳ್ಳು ಏಳಲು ಶುರುವಾಗಬೇಕು. ಪೆಡಲ್ ಕಾಲು ಭಾಗ ಹೋದ ಮೇಲೆ ಮುಳ್ಳು ಎದ್ದರೆ ಆ ಗಾಡಿಯನ್ನು ರಸ್ತೆಗೆ ಇಳಿಸಬೇಡಿ.

ಇನ್ನೂ ಹಳೆಯ ಟಿಎಚ್350, ಟಿಎಚ್400 ಬಾಕ್ಸ್‌ಗಳಲ್ಲಿ ಲೈನ್ ಪ್ರೆಶರ್ ಹೊಂದಿಸುವ ಕೆಲಸ ಮಾಡುವುದು ವ್ಯಾಕ್ಯೂಮ್ ಮಾಡ್ಯುಲೇಟರ್, ಇಂಜಿನ್‌ನ ಗಾಳಿ ಎಳೆತದಿಂದ ನಡೆಯುವ ಸಣ್ಣ ಡಬ್ಬಿ. ಹೊಸ ಇಂಜಿನ್‌ಗೆ ಅದರ ಪೈಪ್ ಜೋಡಿಸಲು ಮರೆತರೆ ಗೇರ್ ತಡವಾಗಿ, ಗುದ್ದಿಕೊಂಡು ಬೀಳುತ್ತದೆ. ಪೈಪ್ ಎಳೆದು ನೋಡಿ, ಒಳಗೆ ಕೆಂಪು ಆಯಿಲ್ ಇದ್ದರೆ ಡಬ್ಬಿಯೊಳಗಿನ ಪೊರೆ (ಡಯಾಫ್ರಮ್) ಹರಿದಿದೆ.

4ಎಲ್60-ಇ ಇದ್ದರೆ: ಕಂಪ್ಯೂಟರ್ ಗೇರ್ ಕೇಳುತ್ತಿದೆಯೇ?

ಎಲೆಕ್ಟ್ರಾನಿಕ್ ಬಾಕ್ಸ್‌ನಲ್ಲಿ ಇಡೀ ತಪಾಸಣೆ ಈ ಒಂದು ಪ್ರಶ್ನೆಯ ಮೇಲೆ ಎರಡು ದಾರಿಯಾಗುತ್ತದೆ. ಸ್ಕ್ಯಾನರ್ ಹಾಕಿ, ಪಕ್ಕದಲ್ಲಿ ಒಬ್ಬರನ್ನು ಕೂರಿಸಿ ಓಡಿಸಿ. ಕಂಪ್ಯೂಟರ್ ಆಜ್ಞೆ ಕೊಡುತ್ತಿರುವ ಗೇರ್ ಯಾವುದು, ಇಂಜಿನ್ ಆರ್‌ಪಿಎಂ ಎಷ್ಟು, ವೇಗ ಎಷ್ಟು, ಥ್ರಾಟಲ್ ಶೇಕಡಾ ಎಷ್ಟು, ಈ ನಾಲ್ಕನ್ನೂ ಒಟ್ಟಿಗೆ ನೋಡಬೇಕು.

ಪರದೆಯಲ್ಲಿ 1 ಹೋಗಿ 2 ಬಂತು, ಆದರೆ ಆರ್‌ಪಿಎಂ ಬೀಳಲಿಲ್ಲ: ಕಂಪ್ಯೂಟರ್ ಕೇಳಿದೆ, ಬಾಕ್ಸ್ ಕೊಟ್ಟಿಲ್ಲ. ತೊಂದರೆ ವೈರಿಂಗ್‌ನಲ್ಲೋ, ಸೊಲೆನಾಯ್ಡ್‌ನಲ್ಲೋ (ಕರೆಂಟಿನಿಂದ ಆಯಿಲ್ ದಾರಿ ತೆರೆದು ಮುಚ್ಚುವ ಸಣ್ಣ ವಾಲ್ವ್), ಬಾಕ್ಸ್ ಒಳಗೋ ಇದೆ. ಪರದೆಯಲ್ಲಿ 1 ಎಂದೇ ಇದ್ದರೆ ಬಾಕ್ಸನ್ನು ಬೈಯುವಂತಿಲ್ಲ. ಕಂಪ್ಯೂಟರ್‌ಗೆ ಹೋಗುವ ಸುದ್ದಿಯೇ ತಪ್ಪಾಗಿದೆ.

ಆರ್‌ಪಿಎಂ ಎಷ್ಟು ಬೀಳಬೇಕು ಎಂಬುದಕ್ಕೆ ರೇಶಿಯೋ ಲೆಕ್ಕ ಸಾಕು. ಒಂದರಲ್ಲಿ 3000 ಇದ್ದಾಗ ಎರಡು ಬಿದ್ದರೆ ಸುಮಾರು 1600ಕ್ಕೆ ಇಳಿಯಬೇಕು. ಎರಡರ 3000 ಮೂರರಲ್ಲಿ 1840ರ ಹತ್ತಿರ, ಮೂರರ 3000 ನಾಲ್ಕರಲ್ಲಿ 2100. ಇದಕ್ಕಿಂತ ಮೇಲೆ ತೇಲುತ್ತಿದ್ದು ನಿಧಾನವಾಗಿ ಇಳಿದರೆ ಸ್ಲಿಪ್ ಆಗುತ್ತಿದೆ. ನಾಲ್ಕರ ನಂತರ ಇನ್ನೊಂದು ಸಣ್ಣ ಇಳಿತ, 200ರಿಂದ 400ರವರೆಗೆ, ಕನ್ವರ್ಟರ್ ಲಾಕ್ ಆದಾಗಿನದು, ಅಂದರೆ ಒಳಗಿನ ಕ್ಲಚ್ ಹಿಡಿದು ಇಂಜಿನ್, ಬಾಕ್ಸ್ ನೇರವಾಗಿ ಒಂದಾದಾಗಿನದು. "ನಾಲ್ಕನೇ ಗೇರೇ ಬೀಳುತ್ತಿಲ್ಲ" ಎಂದು ಬರುವ ಎಷ್ಟೋ ಗಾಡಿಗಳಲ್ಲಿ ನಾಲ್ಕು ಬಿದ್ದಿರುತ್ತದೆ, ಈ ಲಾಕ್ ಮಾತ್ರ ಆಗಿರುವುದಿಲ್ಲ.

ಈಗ ಮೊದಲ ದಾರಿ, ಅಂದರೆ ಕಂಪ್ಯೂಟರ್ ಕೇಳಿದರೂ ಬಾಕ್ಸ್ ಕೊಡುತ್ತಿಲ್ಲ. ಈ ಬಾಕ್ಸ್‌ನಲ್ಲಿ ಶಿಫ್ಟ್ ಸೊಲೆನಾಯ್ಡ್ ಎರಡು, ಎ ಮತ್ತು ಬಿ. ಎರಡೂ ಆನ್ ಇದ್ದರೆ ಒಂದನೇ ಗೇರ್. ಎ ಆಫ್, ಬಿ ಆನ್ ಆದರೆ ಎರಡು. ಎರಡೂ ಆಫ್ ಆದರೆ ಮೂರು. ಎ ಆನ್, ಬಿ ಆಫ್ ಆದರೆ ನಾಲ್ಕು. ಅಂದರೆ ಬಾಕ್ಸ್‌ಗೆ ಕರೆಂಟೇ ಹೋಗದಿದ್ದರೆ ಡಿಯಲ್ಲಿ ಗಾಡಿ ಮೂರನೇ ಗೇರ್‌ನಲ್ಲೇ ಹೊರಡುತ್ತದೆ. ಜೊತೆಗೆ ಪ್ರೆಶರ್ ಸೊಲೆನಾಯ್ಡ್‌ಗೂ ಕರೆಂಟ್ ಇಲ್ಲವಾದ್ದರಿಂದ ಲೈನ್ ಪ್ರೆಶರ್ ಗರಿಷ್ಠಕ್ಕೆ ಏರುತ್ತದೆ. ಬಾಕ್ಸ್ ಉಳಿಯಲಿ ಎಂದೇ ಹಾಗೆ ಮಾಡಿದ್ದಾರೆ. ಹೊರಡುವಾಗ ಸತ್ತಂತೆ, ರಿವರ್ಸ್ ಹಾಕಿದರೆ ಧಡ್ ಎಂದು ಕಚ್ಚುವುದು, ದಾರಿಯುದ್ದಕ್ಕೂ ಒಂದೇ ಗೇರ್: ಇವು ಒಟ್ಟಿಗೆ ಕಂಡರೆ ಬಾಕ್ಸ್ ಮೇಲಿನ ದುಂಡನೆಯ ಕನೆಕ್ಟರ್‌ಗೆ ಕೈ ಹಾಕಿ.

ಗೆಳೆಯರೊಬ್ಬರ ಪಿಕಪ್‌ನಲ್ಲಿ ಇದೇ ಲಕ್ಷಣ. ಗೇರ್‌ಬಾಕ್ಸ್ ರಿಪೇರಿಯವರೊಬ್ಬರು ರೀಬಿಲ್ಡ್ ಆಗಬೇಕು ಎಂದಿದ್ದರು. ಕನೆಕ್ಟರ್‌ನ ಇ ಪಿನ್‌ಗೆ ಇಗ್ನಿಷನ್‌ನಿಂದ ಫ್ಯೂಸ್ ಮೂಲಕ 12 ವೋಲ್ಟ್ ಬರಬೇಕು, ಗುಲಾಬಿ ಬಣ್ಣದ ವೈರ್. ಕನೆಕ್ಟರ್ ಬಿಚ್ಚಿ ಮಲ್ಟಿಮೀಟರ್ ಇಟ್ಟರೆ 12.4 ತೋರಿಸಿತು. ಎಲ್ಲ ಸರಿ ಇದೆ ಎಂದು ಬಿಟ್ಟುಬಿಡುವ ಜಾಗ ಇದೇ. ಮೀಟರ್ ಬದಲು ಮಾಮೂಲಿ ಬಲ್ಬಿನ ಟೆಸ್ಟ್ ಲ್ಯಾಂಪ್ ಇಟ್ಟರೆ ಬಲ್ಬು ಕೆಂಡದಷ್ಟು ಮಾತ್ರ ಹೊಳೆಯಿತು. ವೈರ್ ಹಿಂದೆಯೇ ಹೋದರೆ ಡ್ಯಾಶ್‌ಬೋರ್ಡ್ ಕೆಳಗೆ ವೈಪರ್ ಫ್ಯೂಸ್‌ನಿಂದ ಎಳೆದ ಒಂದು ಜಾಯಿಂಟ್, ಸುಮ್ನೆ ತಿರುಚಿ ಟೇಪ್ ಸುತ್ತಿದ್ದು, ಒಳಗೆ ಹಸಿರು ಕಿಲುಬು. ಮೀಟರ್ ಕರೆಂಟ್ ಎಳೆಯುವುದೇ ಇಲ್ಲ ಎನ್ನುವಷ್ಟು ಕಡಿಮೆ, ಅದಕ್ಕೇ ಕೂದಲೆಳೆಯಷ್ಟು ತಂತಿ ಉಳಿದಿದ್ದರೂ 12 ತೋರಿಸುತ್ತದೆ. ಬಲ್ಬಿಗೆ ಕರೆಂಟ್ ಬೇಕು, ಅದು ಸುಳ್ಳು ಹೇಳುವುದಿಲ್ಲ. ಬೇರೆ ಫ್ಯೂಸ್‌ನಿಂದ ಹೊಸ ವೈರ್ ಎಳೆದ ಮೇಲೆ ಗಾಡಿ ಒಂದನೇ ಗೇರ್‌ನಲ್ಲಿ ಹೊರಟಿತು.

ಇ ಪಿನ್ ಸರಿ ಇದ್ದರೆ ಅರ್ತಿಂಗ್ ನೋಡಿ. ಹೊಸ ಪೇಂಟ್, ರಬ್ಬರ್ ಮೌಂಟ್ ಎಲ್ಲ ಸೇರಿ ಇಂಜಿನ್‌ಗೂ ಬ್ಯಾಟರಿ ನೆಗೆಟಿವ್‌ಗೂ ಸಂಬಂಧವೇ ಕಡಿದಿರುತ್ತದೆ. ಮೀಟರ್‌ನ ಒಂದು ತುದಿ ಬ್ಯಾಟರಿ ನೆಗೆಟಿವ್‌ಗೆ, ಇನ್ನೊಂದು ಇಂಜಿನ್ ಬ್ಲಾಕ್‌ಗೆ ಹಿಡಿದು ಸ್ಟಾರ್ಟರ್ ಹೊಡೆಯಿರಿ. ಅರ್ಧ ವೋಲ್ಟ್ ದಾಟಿದರೆ ದಪ್ಪನೆಯ ಅರ್ತ್ ಕೇಬಲ್ ಹಾಕಿ. ನಂತರ ಸೊಲೆನಾಯ್ಡ್‌ಗಳ ಓಮ್ಸ್: ಶಿಫ್ಟ್ ಸೊಲೆನಾಯ್ಡ್‌ಗಳು 20ರಿಂದ 30, ಪ್ರೆಶರ್ ಸೊಲೆನಾಯ್ಡ್ 3ರಿಂದ 5. ಸ್ಕ್ಯಾನರ್‌ನಲ್ಲಿ ದೋಷದ ಕೋಡ್ ಪಿ0753 ಬಂದರೆ ಎ ಸರ್ಕ್ಯೂಟ್, ಪಿ0758 ಬಂದರೆ ಬಿ, ಪಿ0748 ಬಂದರೆ ಪ್ರೆಶರ್ ಸೊಲೆನಾಯ್ಡ್. ಸ್ವಾಪ್ ಗಾಡಿಯಲ್ಲಿ ಈ ಕೋಡ್‌ಗಳು ಬಂದರೆ ಸೊಲೆನಾಯ್ಡ್‌ಗಿಂತ ಮೊದಲು ವೈರನ್ನೇ ಅನುಮಾನಿಸಿ.

ಕಂಪ್ಯೂಟರ್‌ನಲ್ಲಿ ಯಾವ ಬಾಕ್ಸ್‌ನ ಪ್ರೋಗ್ರಾಂ ಇದೆ ಎಂಬುದನ್ನೂ ಕೇಳಿ ತಿಳಿದುಕೊಳ್ಳಿ. ಇದಕ್ಕಿಂತ ದೊಡ್ಡ ಬಾಕ್ಸ್ 4ಎಲ್80-ಇಯಲ್ಲಿ ಸೊಲೆನಾಯ್ಡ್ ಕ್ರಮವೇ ಬೇರೆ. ಅಲ್ಲಿ ಎರಡೂ ಆಫ್ ಆದರೆ ಎರಡನೇ ಗೇರ್, ಎರಡೂ ಆನ್ ಆದರೆ ನಾಲ್ಕು. ಒಂದರ ಪ್ರೋಗ್ರಾಂ ಇನ್ನೊಂದರ ಮೇಲೆ ಓಡಿಸಿದರೆ ಕಂಪ್ಯೂಟರ್ ಒಂದು ಕೇಳುತ್ತದೆ, ಬಾಕ್ಸ್ ಇನ್ನೊಂದು ಕೊಡುತ್ತದೆ. ಇದಕ್ಕೆ ಸ್ಪ್ಯಾನರ್ ಹಿಡಿದು ಪ್ರಯೋಜನವಿಲ್ಲ, ಟ್ಯೂನ್ ಮಾಡುವವರ ಹತ್ತಿರ ಹೋಗಬೇಕು.

ಎರಡನೇ ದಾರಿ, ಅಂದರೆ ಕಂಪ್ಯೂಟರ್ ಕೇಳುತ್ತಲೇ ಇಲ್ಲ ಅಥವಾ ತಪ್ಪು ಹೊತ್ತಲ್ಲಿ ಕೇಳುತ್ತಿದೆ. ಮೊದಲು ವೇಗ. ಗಾಡಿ ಓಡುತ್ತಿದ್ದರೂ ಸ್ಕ್ಯಾನರ್‌ನಲ್ಲಿ ವೇಗ ಸೊನ್ನೆ ಇದ್ದರೆ ಸ್ಪೀಡ್ ಸೆನ್ಸರ್ ವೈರ್ ನೋಡಿ, ಪಿ0502 ಕೂಡ ಬಂದಿರುತ್ತದೆ. ವೇಗ ಬರುತ್ತಿದೆ, ಆದರೆ ಫೋನಿನ ಜಿಪಿಎಸ್‌ಗೆ ಹೊಂದುತ್ತಿಲ್ಲ ಎಂದರೆ ಆಕ್ಸಲ್ ರೇಶಿಯೋ, ಟೈರ್ ಅಳತೆ ಹಳೆಯ ಗಾಡಿಯದೇ ಉಳಿದಿದೆ. ಇಂಜಿನ್ ಬಂದ ಗಾಡಿಯ ಆಕ್ಸಲ್ 3.73, ನಿಮ್ಮದು 3.08, ಟೈರ್ ಒಂದೇ ಅಳತೆಯವು ಎಂದುಕೊಳ್ಳಿ. ನೀವು 60 ಮೈಲಿಯಲ್ಲಿ ಹೋಗುವಾಗ ಕಂಪ್ಯೂಟರ್‌ಗೆ ಸುಮಾರು 50 ಎಂದು ಕಾಣುತ್ತದೆ. ಪ್ರತಿ ಗೇರೂ ರಸ್ತೆಯ ಲೆಕ್ಕದಲ್ಲಿ ತಡವಾಗಿ ಬೀಳುತ್ತದೆ. ಇದರಿಂದ ಬಾಕ್ಸ್ ಕೆಡುವುದಿಲ್ಲ, ಸ್ಲಿಪ್ ಕೂಡ ಆಗುವುದಿಲ್ಲ. ಸ್ಲಿಪ್ ಇದ್ದರೆ ಕಾರಣ ಬೇರೆ ಕಡೆ ಹುಡುಕಿ.

ಆಮೇಲೆ ಥ್ರಾಟಲ್. ಕಾಲು ತೆಗೆದಾಗ ಸೊನ್ನೆ, ಪೂರ್ತಿ ಒತ್ತಿದಾಗ ನೂರರ ಹತ್ತಿರ, ನಡುವೆ ಎಲ್ಲೂ ಜಿಗಿಯದೆ ಏರಬೇಕು. ಐಡಲ್‌ನಲ್ಲೇ 15 ತೋರಿಸುತ್ತಿದ್ದರೆ ಗೇರ್‌ಗಳು ತಡವಾಗುತ್ತವೆ. ಗಾಳಿ ಅಳೆಯುವ ಮಾಸ್ ಏರ್‌ಫ್ಲೋ ಸೆನ್ಸರ್ ಕೂಡ ಇಲ್ಲಿ ಲೆಕ್ಕಕ್ಕೆ ಬರುತ್ತದೆ. ಇಂಜಿನ್ ಎಷ್ಟು ಟಾರ್ಕ್ ಕೊಡುತ್ತಿದೆ ಎಂಬ ಅಂದಾಜಿನ ಮೇಲೆ ಕಂಪ್ಯೂಟರ್ ಲೈನ್ ಪ್ರೆಶರ್ ತೀರ್ಮಾನಿಸುತ್ತದೆ. ಹೊಸ ಏರ್ ಪೈಪ್‌ಗೆ ಹೊಂದಲಿಲ್ಲ ಎಂದು ಆ ಸೆನ್ಸರ್ ತೆಗೆದುಹಾಕಿ ಟ್ಯೂನ್ ಬದಲಿಸದಿದ್ದರೆ ಪ್ರೆಶರ್ ಏರಿಬಿಡುತ್ತದೆ, ಪ್ರತಿ ಶಿಫ್ಟೂ ಗುದ್ದುತ್ತದೆ.

ಕನ್ವರ್ಟರ್ ಲಾಕ್ ಆಗದಿದ್ದರೆ ಬ್ರೇಕ್ ಸ್ವಿಚ್ ನೋಡಿ. ಬ್ರೇಕ್ ಒತ್ತದೆ ಇದ್ದಾಗ 12 ವೋಲ್ಟ್ ಬರಬೇಕು, ಒತ್ತಿದಾಗ ಹೋಗಬೇಕು ಎಂದು ಈ ಕಂಪ್ಯೂಟರ್ ಕಾಯುತ್ತದೆ. ಹಳೆಯ ಗಾಡಿಯ ಸ್ವಿಚ್ ಬ್ರೇಕ್ ದೀಪಕ್ಕಾಗಿ ಮಾಡಿದ್ದು, ಅದು ಇದಕ್ಕೆ ಉಲ್ಟಾ. ಆ ವೈರ್ ಜೋಡಿಸಿಯೇ ಇಲ್ಲದಿದ್ದರೂ ಅಷ್ಟೇ, ನೀವು ಸದಾ ಬ್ರೇಕ್ ಮೇಲೆ ಕಾಲಿಟ್ಟಿದ್ದೀರಿ ಎಂದುಕೊಂಡು ಅದು ಲಾಕ್ ಮಾಡುವುದೇ ಇಲ್ಲ. ಹೆದ್ದಾರಿಯಲ್ಲಿ ಆಯಿಲ್ ಬಿಸಿಯೇರುತ್ತದೆ, ಪೆಟ್ರೋಲ್ ಜಾಸ್ತಿ ಕುಡಿಯುತ್ತದೆ.

ನಿಜವಾಗಿಯೂ ಬಾಕ್ಸೇ ಹೋಗಿದ್ದರೆ

ಎರಡು, ನಾಲ್ಕು, ರಿವರ್ಸ್ ಮೂರೂ ಒಟ್ಟಿಗೆ ಇಲ್ಲ, ಒಂದು ಮತ್ತು ಮೂರು ಮಾತ್ರ ಇವೆ: ಒಳಗೆ ಸನ್ ಶೆಲ್ ಎಂಬ ತಗಡಿನ ಡ್ರಮ್ ಮುರಿದಿದೆ. ಈ ಬಾಕ್ಸ್‌ನ ಹೆಸರಾಂತ ಕಾಯಿಲೆ ಅದು, ಜಾಸ್ತಿ ಶಕ್ತಿಯ ಇಂಜಿನ್ ಬಂದಾಗ ಬೇಗ ಹೊರಗೆ ಬರುತ್ತದೆ. ಒಂದು, ಎರಡು ಚೆನ್ನಾಗಿವೆ, ಮೂರಕ್ಕೆ ಹೋದರೆ ಇಂಜಿನ್ ಸುಮ್ನೆ ಕೂಗುತ್ತದೆ: 3-4 ಕ್ಲಚ್ ಸುಟ್ಟಿದೆ. ಡಿಪ್‌ಸ್ಟಿಕ್ ಮೂಸಿ ನೋಡಿದರೆ ಕಮಟು ವಾಸನೆ, ಆಯಿಲ್ ಕಪ್ಪು. ಇವೆರಡಕ್ಕೂ ವೈರಿಂಗ್ ಹುಡುಕುತ್ತಾ ಕೂರಬೇಡಿ.

ಹೊರಗಿನ ತೊಂದರೆ ಸರಿಮಾಡಿದ ಮೇಲೂ ಕೆಲವು ದಿನ ಶಿಫ್ಟ್ ಒರಟಾಗಿರಬಹುದು. ಕಂಪ್ಯೂಟರ್ ಹಳೆಯ ತಪ್ಪಿಗೆ ತಕ್ಕಂತೆ ಪ್ರೆಶರ್ ಕೂಡಿಸಿಕೊಂಡು ನೆನಪಿಟ್ಟಿರುತ್ತದೆ. ಒಳ್ಳೆಯ ಸ್ಕ್ಯಾನರ್‌ನಲ್ಲಿ ಆ ಕಲಿಕೆಯ ಅಂಕಿಗಳನ್ನು ಅಳಿಸಬಹುದು. ಅಳಿಸಿ, ಆಯಿಲ್ ಬಿಸಿಯಾದ ಮೇಲೆ, ಹಗುರವಾಗಿ ಕಾಲಿಟ್ಟು ನಿಂತು ಹೊರಟು ಓಡಿಸಿ. ಅಂಕಿಗಳು ಸೊನ್ನೆಯ ಆಸುಪಾಸಿನಲ್ಲೇ ಉಳಿದರೆ ಕೆಲಸ ಮುಗಿಯಿತು. ಒಂದು ಶಿಫ್ಟ್‌ಗೆ ಮಾತ್ರ ದಿನದಿಂದ ದಿನಕ್ಕೆ ಪ್ರೆಶರ್ ಕೂಡಿಸುತ್ತಾ ಹೋಗಿ ಗರಿಷ್ಠ ಮುಟ್ಟಿದರೆ, ಅಥವಾ ಪಿ1870 ಬಂದರೆ, ಒಳಗೆ ಸ್ಲಿಪ್ ಇದೆ. ಬಾಕ್ಸ್ ಇಳಿಸುವುದು ಆಗ.